ಮಳೆಗಾಲದಲ್ಲಿ ಲ್ಯಾಪ್‌ಟಾಪ್ ಆನ್ ಆಗದಿದ್ದರೆ

ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರು ದಯವಿಟ್ಟು ಓದಿ. ಕಳೆದ ವಾರ ರಾತ್ರಿಯಿಡೀ ಕರೆಂಟು ಹೋಗಿ ಬರುತ್ತಿತ್ತು. ಬೆಳಿಗ್ಗೆ ನನ್ನ ಲ್ಯಾಪ್‌ಟಾಪ್ ಆನ್ ಆಗಲೇ ಇಲ್ಲ. ಚಿಕ್ಕಮಗಳೂರಿನ ಬಸ್ ಹತ್ತುವ ಮೊದಲು ಒಂದು ಪ್ರಯತ್ನ ಮಾಡಿದೆ. ಚಾರ್ಜರ್, ಮೌಸ್, ಪೆನ್‌ಡ್ರೈವ್ ಎಲ್ಲವನ್ನೂ ತೆಗೆದು, ಪವರ್ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿದೆ. ಬ್ಯಾಟರಿ ಹೊರಗಿನಿಂದಲೇ ಕಳಚಲು ಬರುವಂಥದ್ದಾದರೆ ಮೊದಲು ಅದನ್ನೂ ತೆಗೆಯಬೇಕು. ಒಳಗೆ ಉಳಿದಿರುವ ವಿದ್ಯುತ್ ಹೀಗೆ ಖಾಲಿಯಾಗುತ್ತದೆ. ಮತ್ತೆ ಚಾರ್ಜರ್ ಸಿಕ್ಕಿಸಿ ಗುಂಡಿ ಒತ್ತಿದೆ, ಶುರುವಾಯಿತು! ಎಷ್ಟು ನೆಮ್ಮದಿಯಾಯಿತೆಂದು ಹೇಳಲಾರೆ. ತೋಟದ ಐದು ವರ್ಷಗಳ ಲೆಕ್ಕ ಅದರಲ್ಲಿದೆ.

ಫ್ಯಾನ್ ತಿರುಗುತ್ತಿದ್ದೂ ಪರದೆ ಕಪ್ಪಾಗಿದ್ದರೆ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ ದೋಷ ಪರದೆಯದೇ ಇರಬಹುದು. ಚಿತ್ರವನ್ನು ಒಯ್ಯುವ ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಜೋಡಿಸಿದರೆ ತಿಳಿಯುತ್ತದೆ: ಟಿವಿಯಲ್ಲಿ ಚಿತ್ರ ಬಂದರೆ ದೋಷ ಪರದೆಯ ಕಡೆಯದೇ. ಬೀಪ್ ಶಬ್ದ ಬಂದರೆ ಎಷ್ಟು ಸಲ ಎಂದು ಎಣಿಸಿ ಬರೆದಿಡಿ, ರಿಪೇರಿಯವರಿಗೆ ಅದೇ ಸುಳಿವು.

ಥಂಡಿ ಹಿಡಿದಿದೆಯೆಂದು ಬಚ್ಚಲೊಲೆಯ ಪಕ್ಕ ಮಾತ್ರ ಇಡಬೇಡಿ. ಬಿಸಿಗೆ ಬ್ಯಾಟರಿ ಉಬ್ಬಿ ಬೆಂಕಿಯೇ ಹತ್ತಬಹುದು. ಅಂಗಡಿಗೆ ಕೊಡುವಾಗ, ಕಡತಗಳನ್ನು ನಕಲು ಮಾಡಿಕೊಳ್ಳದೆ ಫಾರ್ಮ್ಯಾಟ್ (ಇರುವುದನ್ನೆಲ್ಲ ಅಳಿಸುವುದು) ಮಾಡಬಾರದೆಂದು ಖಡಾಖಂಡಿತವಾಗಿ ಹೇಳಿ.