ಎಚ್5ರ ಕಾಲಾಳು

ಚೆಸ್ಸಿನಲ್ಲಿ ಕಪ್ಪು ಕಾಯಿ ಸಿಕ್ಕಾಗ, ಎದುರಿನವರು ಇ4 (ಇ ಸಾಲಿನ ನಾಲ್ಕನೇ ಮನೆಗೆ ಕಾಲಾಳು) ಆಡಿದರೆ ನನ್ನದು ಕಾರೋ-ಕಾನ್. ಇ4ಕ್ಕೆ ಸಿ6, ಡಿ4ಕ್ಕೆ ಡಿ5. ಹೊರೇಷಿಯೊ ಕಾರೋ, ಮಾರ್ಕಸ್ ಕಾನ್ 1886ರಲ್ಲಿ ವಿಶ್ಲೇಷಿಸಿದ ಓಪನಿಂಗ್, ಅಂದರೆ ಆಟದ ಆರಂಭದ ನಡೆಗಳ ಕ್ರಮ, ಇದು. ಫ್ರೆಂಚ್ ಡಿಫೆನ್ಸ್ ಎಂಬ ಇನ್ನೊಂದು ಓಪನಿಂಗ್‌ನಲ್ಲಿ ಇ6 ಕಾಲಾಳಿನ ಹಿಂದೆ ಸಿಕ್ಕಿಬೀಳುವ ಬಿಷಪ್ ಇಲ್ಲಿ ಮೊದಲೇ ಎಫ್5ಕ್ಕೆ ಹೊರಬರುತ್ತದೆ. ನನಗೆ ಹಿಡಿಸಿದ್ದು ಅದೇ.

ಹೋದ ವರ್ಷ ಶಿವಮೊಗ್ಗದ ಒಂದು ರ‍್ಯಾಪಿಡ್ ಟೂರ್ನಿಯಲ್ಲಿ ಅದೇ ಬಿಷಪ್ ಏಳನೇ ನಡೆಗೇ ಹೋಯಿತು. ಎದುರಾಳಿ ಇ5 ತಳ್ಳಿದ, ನಾನು ಬಿಷಪ್ ಎಫ್5. ಅವನು ಎಚ್4. ಅಂಚಿನ ಕಾಲಾಳು ತಾನೇ ಎಂದು ರೂಢಿಯಂತೆ ಇ6 ಆಡಿಬಿಟ್ಟೆ. ಜಿ4, ಬಿಷಪ್ ಇ4ಕ್ಕೆ. ಎಫ್3, ಬಿಷಪ್ ಜಿ6ಕ್ಕೆ. ಎಚ್5! ಹೋಗಲು ಮನೆಯೇ ಇಲ್ಲ. ತೀರ್ಥಹಳ್ಳಿ ಬಸ್ಸು ಮಂಡಗದ್ದೆ ದಾಟಿದರೂ ಆ ಜಿ6 ಮನೆ ಕಣ್ಣೆದುರಿಂದ ಹೋಗಲಿಲ್ಲ.

ಮಳೆಗಾಲವಿಡೀ ಅದೊಂದನ್ನೇ ಹಾಕಿಕೊಂಡು ಕೂತೆ. (ನಮ್ಮ ಕಡೆ ಮರದ ಕಾಯಿಗೆ ಬೂಷ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ ಸೆಟ್ಟೇ ವಾಸಿ.) ಎಚ್4ಕ್ಕೆ ಉತ್ತರ ಎಚ್5. ಆಗ ಜಿ4 ಅಷ್ಟು ಸುಲಭಕ್ಕೆ ಬರುವುದಿಲ್ಲ.

ಈ ವರ್ಷ ಮತ್ತೆ ಶಿವಮೊಗ್ಗ. ನಾಲ್ಕನೇ ಸುತ್ತಿನಲ್ಲಿ ಎದುರಿಗೆ ಹೈಸ್ಕೂಲ್ ಹುಡುಗ. ಅದೇ ಇ5, ಅದೇ ಎಚ್4. ಎಚ್5 ಆಡಿ ಗಡಿಯಾರ ಒತ್ತಿದೆ. ಅವನು ಬಿಷಪ್ ಡಿ3ಕ್ಕೆ ತಂದ, ಹೊಡೆದಾಡಿ ಎರಡೂ ಹೋದವು, ಅವನ ಕ್ವೀನ್ ಡಿ3ಕ್ಕೆ ಬಂತು. ನಾನು ಕ್ವೀನ್ ಎ5ಕ್ಕಿಟ್ಟು ಚೆಕ್ ಕೊಟ್ಟೆ. ಅವನು ಇನ್ನೊಂದು ಬಿಷಪ್ ಅಡ್ಡ ತಂದ. ನನ್ನ ಕ್ವೀನ್ ಎ6ಕ್ಕೆ ಸರಿದು ಅವನ ಕ್ವೀನಿಗೆ ಎದುರಾಯಿತು. ಅವೂ ಹೋದವು.

ಈಗ ಅವನ ಡಿ4, ಇ5, ಎಚ್4 ಕಾಲಾಳುಗಳು ಮೂರೂ ಕಪ್ಪು ಮನೆಯಲ್ಲಿ, ಉಳಿದ ಬಿಷಪ್ಪೂ ಕಪ್ಪು ಮನೆಗಳಲ್ಲೇ ಓಡಾಡುವುದು. ತನ್ನವರೇ ಅದಕ್ಕೆ ಬೇಲಿ. ನಾನು ಇ6 ಆಡಿ, ಕುದುರೆಯನ್ನು ಇ7ರಿಂದ ಎಫ್5ಕ್ಕೆ ತಂದು ಕೂರಿಸಿದೆ. ಅಲ್ಲಿಂದ ಡಿ4, ಎಚ್4 ಎರಡರ ಮೇಲೂ ಕಣ್ಣು. ಅದನ್ನು ಎಬ್ಬಿಸಲು ಜಿ4 ಬೇಕು, ಅದಕ್ಕೆ ಎಚ್5 ಕಾಲಾಳು ಬಿಡುವುದಿಲ್ಲ. ಬಿಷಪ್ ಉಳಿಸಲೆಂದು ಇಟ್ಟಿದ್ದು, ಬಿಷಪ್ ಹೋದ ಮೇಲೆ ಕುದುರೆಯನ್ನು ಕಾಯುತ್ತಿತ್ತು. ಮಳೆಗಾಲವಿಡೀ ನೋಡಿದರೂ ಹೊಳೆಯದಿದ್ದದ್ದು ಅಲ್ಲಿ, ಬೋರ್ಡಿನ ಮುಂದೆ ಹೊಳೆಯಿತು.

ಸಿ5 ತಳ್ಳಿ ಡಿ4ರ ಮೇಲೆ ಒತ್ತಡ ಹಾಕಿದೆ. ಒಂದು ಕಾಲಾಳು ದಕ್ಕಿತು, ಕೊನೆಗೆ ಆನೆಗಳಷ್ಟೇ ಉಳಿದಾಗ ಗೆದ್ದೆ.

ಕೈಕುಲುಕಿದ ಹುಡುಗ ಎದ್ದು ಹೋಗಲಿಲ್ಲ. ಕಾಯಿಗಳನ್ನು ಮತ್ತೆ ಜೋಡಿಸಿ, "ಅಂಕಲ್, ಬಿಷಪ್ ಡಿ3 ಬದಲು ಕಾಲಾಳು ಸಿ4ಕ್ಕೆ ತಳ್ಳಿದ್ರೆ ಏನ್ ಮಾಡ್ತಿದ್ರಿ?" ಎಂದ. ಮುಂದಿನ ಸುತ್ತಿಗೆ ಕರೆಯುವವರೆಗೂ ಅದನ್ನೇ ಆಡಿ ನೋಡಿದೆವು.