‘ವೆರಿಲಿ, ಐ ಸೇ’: ಹಳೆಯ ಇಂಗ್ಲಿಷ್ ಗದ್ಯದಲ್ಲಿ ಮಾತಿಗೆ ಒತ್ತು ಕೊಡುವುದು ಹೇಗೆ?

ಹದಿನಾರು, ಹದಿನೇಳನೇ ಶತಮಾನದ ಇಂಗ್ಲಿಷಿನ ಧಾಟಿಯಲ್ಲಿ ಸಂಭಾಷಣೆ ಬರೆಯಲು ಕೂತವರು ಸಿಕ್ಕಸಿಕ್ಕಲ್ಲಿ ‘ವೆರಿಲಿ’, ‘ಫಾರ್‌ಸೂತ್’ ಸೇರಿಸಿಬಿಡುತ್ತಾರೆ; ಎರಡಕ್ಕೂ ‘ನಿಜವಾಗಿ’ ಎಂದೇ ಅರ್ಥ. ಆದರೆ ಅಂದಿನ ಗದ್ಯದಲ್ಲಿ ಈ ಪದಗಳಿಗೆ ತಮ್ಮದೇ ಜಾಗವಿತ್ತು. ಅದನ್ನು ಕಲಿಯಲು 1611ರ ಕಿಂಗ್ ಜೇಮ್ಸ್ ಬೈಬಲ್, ಅದರಲ್ಲೂ ಯೋಹಾನನ ಸುವಾರ್ತೆಯ ಮೂರನೇ ಅಧ್ಯಾಯ ಸಾಕು. ಅಲ್ಲಿ ಯೆಹೂದ್ಯರ ಮುಖಂಡ ನಿಕೊದೇಮ ರಾತ್ರಿ ಹೊತ್ತು ಯೇಸುವನ್ನು ನೋಡಲು ಬರುತ್ತಾನೆ.

ಮೊದಲು, ಒತ್ತಿನ ಪದ ಯಾರದೆಂದು ತೀರ್ಮಾನಿಸಿ. ‘ವೆರಿಲಿ’ ಮಾತಾಡುವವನ ಸ್ವಂತ ಪದ. ತನ್ನ ಮಾತಿಗೆ ತಾನೇ ಒತ್ತುವ ಮುದ್ರೆ. ನಿರೂಪಕ ‘ಯೇಸು ಉತ್ತರವಾಗಿ ಅವನಿಗೆ ಹೇಳಿದನು’ ಎಂದಷ್ಟೇ ಬರೆದು ಸರಿಯುತ್ತಾನೆ. ‘ಒತ್ತಿ ಹೇಳಿದನು’, ‘ಗಂಭೀರವಾಗಿ ನುಡಿದನು’ ಎಂದು ನಿರೂಪಕನೇ ವಿಶೇಷಣ ಅಂಟಿಸುವುದು ಹತ್ತೊಂಬತ್ತನೇ ಶತಮಾನದ ಕಾದಂಬರಿಗಳ ಅಭ್ಯಾಸ. ಎರಡನ್ನೂ ಬೆರೆಸಿದರೆ ಹಳೆಯ ಕಾಲದ ಧಾಟಿ ಕೆಡುತ್ತದೆ.

ಎರಡನೆಯದು ಜಾಗ. ಪದ ವಾಕ್ಯದ ತಲೆಗೇ ಬರಲಿ: ‘ವೆರಿಲಿ, ವೆರಿಲಿ, ಐ ಸೇ ಅಂಟು ದೀ’ (‘ನಿಜವಾಗಿ, ನಿಜವಾಗಿ ನಿನಗೆ ಹೇಳುತ್ತೇನೆ’). ಹೀಗೆ ಎರಡು ಸಲ ಹೇಳುವುದು ಯೋಹಾನನಲ್ಲಿ ಮಾತ್ರ. ಉಳಿದ ಮೂರು ಸುವಾರ್ತೆಗಳಲ್ಲಿ ಒಂದೇ ಸಲ. ಗ್ರೀಕ್ ಮೂಲದಲ್ಲಿರುವುದು ‘ಆಮೆನ್, ಆಮೆನ್’. 1582ರ ರೀಮ್ಸ್ ಎಂಬ ಕ್ಯಾಥೊಲಿಕ್ ಇಂಗ್ಲಿಷ್ ಅನುವಾದ ಅದನ್ನು ಹಾಗೆಯೇ ಉಳಿಸಿಕೊಂಡಿತು. ಬೈಬಲನ್ನು ಇಂಗ್ಲಿಷಿಗೆ ತಂದ ಟಿಂಡೇಲ್ 1526ರಲ್ಲೇ ‘ವೆರಿಲಿ’ ಎಂದಿದ್ದ. ಕನ್ನಡ ಬೈಬಲಿನ ‘ನಿಜನಿಜವಾಗಿ ಹೇಳುತ್ತೇನೆ’ ಆ ಜೋಡಿಯನ್ನು ಎಷ್ಟು ಸೊಗಸಾಗಿ ಹಿಡಿದಿದೆ ನೋಡಿ!

ಮೂರನೆಯದು ಸರ್ವನಾಮ. ಹೆಚ್ಚಿನವರು ಎಡವುವುದು ಇಲ್ಲೇ. ಒಬ್ಬನಿಗೆ ಹೇಳುವಾಗ ‘ಅಂಟು ದೀ’, ಹಲವರಿಗೆ ‘ಅಂಟು ಯೂ’. ‘ಅಂಟು ಯೀ’ ಎಂದು ಬರೆಯಬೇಡಿ. ಈ ಬೈಬಲಿನಲ್ಲಿ ‘ಯೀ’ ಕರ್ತೃಪದ, ನಮ್ಮ ‘ನೀವು’ ಇದ್ದಂತೆ. ‘ನಿಮಗೆ’ ಎನ್ನಲು ‘ಯೂ’ ಬೇಕು. ಏಳನೇ ವಚನ ಗಮನಿಸಿ: ‘ನಾನು ನಿನಗೆ ಹೇಳಿದೆ’ ಎಂಬಲ್ಲಿ ‘ದೀ’ ಇದೆ, ಮರುಕ್ಷಣವೇ ‘ನೀವು ಹೊಸದಾಗಿ ಹುಟ್ಟಬೇಕು’ ಎಂಬಲ್ಲಿ ‘ಯೀ’. ಮಾತು ಒಬ್ಬನಿಗೆ, ಬೋಧನೆ ಎಲ್ಲರಿಗೆ. ಇಂದಿನ ಇಂಗ್ಲಿಷಿನ ‘ಯೂ’ ಈ ವ್ಯತ್ಯಾಸವನ್ನು ತೋರಿಸಲಾರದು, ಕನ್ನಡ ಸಲೀಸಾಗಿ ತೋರಿಸುತ್ತದೆ.

‘ಹೇಳಿದನು’ ಎನ್ನಲು ಹಳೆಯ ‘ಕ್ವೋತ್’ ಬಳಸುವುದಾದರೆ ಭೂತಕಾಲಕ್ಕೆ ಮಾತ್ರ, ಕರ್ತೃವಿಗಿಂತ ಮುಂಚೆ: ‘ಕ್ವೋತ್ ಹೀ’. ‘ಫಾರ್‌ಸೂತ್’ ಬಗ್ಗೆ ಎಚ್ಚರ ಬೇಕು: ಮೂಲದಲ್ಲಿ ಅದು ‘ನಿಜವಾಗಿ’ ಎಂದೇ ಆದರೂ ಹದಿನಾರನೇ ಶತಮಾನದ ಹೊತ್ತಿಗೆ ಕೊಂಕಿಗೂ ಬಳಕೆಯಾಗುತ್ತಿತ್ತು. ಗಂಭೀರ ಪಾತ್ರದ ಬಾಯಲ್ಲಿ ಅದನ್ನು ಇಡದಿರುವುದೇ ಕ್ಷೇಮ.

ಕೊನೆಗೆ, ಎಷ್ಟು ಸಲ? ನಿಕೊದೇಮನೊಂದಿಗಿನ ಮಾತಿನಲ್ಲಿ ಈ ಜೋಡಿ ಬರುವುದು ಮೂರೇ ಸಲ: 3, 5 ಮತ್ತು 11ನೇ ವಚನಗಳಲ್ಲಿ. ಮೊದಲನೆಯದು ಅವನ ಹೊಗಳಿಕೆಗೆ ಉತ್ತರ. ಉಳಿದೆರಡೂ ‘ಅದು ಹೇಗೆ ಸಾಧ್ಯ?’ ಎಂದು ಅವನು ಕೇಳಿದ ಮೇಲೆ ಬರುತ್ತವೆ. ನೀವೂ ಕೇಳುಗನ ಅನುಮಾನವನ್ನು ಮೊದಲು ಬರೆಯಿರಿ, ‘ವೆರಿಲಿ’ಯನ್ನು ಅದರ ಬೆನ್ನಿಗೆ ತನ್ನಿ.