ಬೈಬಲಿನ ಒಂದು ಭಾಗವನ್ನು ಕೂತು ಓದುವುದು ಹೇಗೆ

ನಮ್ಮ ವಾಡೊದ (ಕೆಥೋಲಿಕ್ ಇಗರ್ಜಿಗೆ ಸೇರಿದ ಅಕ್ಕಪಕ್ಕದ ಮನೆಗಳ ಗುಂಪು) ಮೀಟಿಂಗ್ ಏಳು ಗಂಟೆಗೆ ಶುರುವಾದರೆ ಎಂಟಕ್ಕೆ ಚಾ ಬರಬೇಕು. ಒಂದು ಸಲ ಮಾತ್ರ ಹತ್ತಾದರೂ ಚಾ ಬರಲಿಲ್ಲ. ಆ ದಿನ ಸೇರಿದ್ದು ನಮ್ಮ ಮನೆಯಲ್ಲಿ, ಬೇಳದ ಆಚೆ. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿತ್ತು, ಹಾಗಾಗಿ ಎಲ್ಲರೂ ಚಾವಡಿಯಲ್ಲಿ ಒತ್ತಿಕೊಂಡು ಕೂತಿದ್ದರು. ಪಕ್ಕದ ಮನೆಯ ಸಿ.ಎಸ್.ಐ. ಸಭೆಯ, ಅಂದರೆ ಪ್ರೊಟೆಸ್ಟಂಟರ ಇಗರ್ಜಿಯ, ಅಕ್ಕನೂ ಬಂದಿದ್ದರು. ಅವರು ಮೆಲ್ಲಗೆ, "ರಕ್ಷಣೆ ನಂಬಿಕೆಯಿಂದ, ಕ್ರಿಯೆಯಿಂದ ಅಲ್ಲ, ಎಫೆಸ 2:8 ನೋಡಿ" ಎಂದರು. ನಮ್ಮ ವಾಡೊದ ಮುಖಂಡ ಗುರ್ಕಾರ್ ಮಾಮ ಬಿಡ್ತಾರಾ? "ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು, ಯಾಕೋಬ 2:26" ಎಂದರು. ಆಮೇಲೆ ಆ ಕಡೆಯಿಂದ ಒಂದು ವಚನ, ಈ ಕಡೆಯಿಂದ ಒಂದು ವಚನ. ಥೇಟ್ ಕೋಳಿ ಅಂಕ. ಇಬ್ಬರು ಹೇಳಿದ್ದೂ ಬೈಬಲಿನಲ್ಲಿ ಇದ್ದದ್ದೇ. ಆದರೆ ಆ ಎರಡು ಅಧ್ಯಾಯಗಳನ್ನು ಇಬ್ಬರೂ ಪೂರ್ತಿ ಓದಿ ಬಂದಿರಲಿಲ್ಲ. ನಾನೂ ಓದಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಒಂದು ತಿಂಗಳು ಅದೇ ಜಗಳವನ್ನು ಪಾಠ ಮಾಡಿಕೊಂಡು ಕೂತೆವು. ಸಿದ್ಧಾಂತ ಗೊತ್ತಾಗಬೇಕಾದರೆ ಸಿದ್ಧಾಂತದಿಂದ ಶುರು ಮಾಡಬಾರದು, ಒಂದು ಭಾಗದಿಂದ ಶುರು ಮಾಡಬೇಕು ಅನ್ನುವುದು ನನಗೆ ಅಲ್ಲಿ ಹೊಳೆಯಿತು. ಹೇಗೆ ಮಾಡಿದೆವು ಅಂತ ಹೇಳುತ್ತೇನೆ. ನೀವು ಮನೆಯಲ್ಲಿ ಒಬ್ಬರೇ ಕೂತೂ ಮಾಡಬಹುದು.

ಮೊದಲು, ಭಾಗ ಎಲ್ಲಿಂದ ಎಲ್ಲಿವರೆಗೆ ಅಂತ ನೀವೇ ನೋಡಿ. ವಚನದ ನಂಬರನ್ನು ನಂಬಬೇಡಿ. ಎಫೆಸದಂಥ ಊರುಗಳ ಸಭೆಗಳಿಗೆ ಅಪೊಸ್ತಲ ಪೌಲ ಪತ್ರ ಬರೆಯುವಾಗ ಅಲ್ಲಿ ನಂಬರ್ ಇರಲಿಲ್ಲ. ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ್ದು. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಈಗ ನಾವು ನೋಡುವ ವಚನದ ನಂಬರ್ ಬಂದದ್ದು 1551ರಲ್ಲಿ, ರಾಬರ್ಟ್ ಎಸ್ತಿಯೆನ್ ಅನ್ನುವ ಮುದ್ರಕ ಹಾಕಿದ್ದು. ಹುಡುಕಲಿಕ್ಕೆ ಅನುಕೂಲ, ಅಷ್ಟೇ. ಅಕ್ಕ ಹೇಳಿದ ಎಫೆಸ ಪತ್ರದ 2ನೇ ಅಧ್ಯಾಯವನ್ನೇ ತೆಗೆಯಿರಿ. 8 ಮತ್ತು 9 ತುಂಬಾ ಜನರಿಗೆ ಬಾಯಿಪಾಠ: ಕೃಪೆಯಿಂದ, ನಂಬಿಕೆಯ ಮೂಲಕ ರಕ್ಷಣೆ, ಅದು ದೇವರ ವರ, ಯಾರೂ ಹೊಗಳಿಕೊಳ್ಳುವ ಹಾಗಿಲ್ಲ. ಅಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಇನ್ನೊಂದು ಸಾಲು ಕೆಳಗೆ ಹೋದರೆ 10ನೇ ವಚನದಲ್ಲಿ, ನಾವು ದೇವರ ಕೈಕೆಲಸ, ಒಳ್ಳೆಯ ಕೆಲಸ ಮಾಡಲಿಕ್ಕೆಂದೇ ಕ್ರಿಸ್ತನಲ್ಲಿ ಸೃಷ್ಟಿಯಾದವರು ಅಂತ ಉಂಟು. ಗೋಡೆಯ ಕ್ಯಾಲೆಂಡರಿನಲ್ಲಿ ಜಾಗ ಸಾಲದೆ 10 ಬಿಟ್ಟುಹೋಯಿತೋ ಏನೋ. ಗುರ್ಕಾರ್ ಮಾಮನ ವಚನದ್ದೂ ಅದೇ ಕತೆ. ಯಾಕೋಬ ಬರೆದ ಪತ್ರದ 2:26 ಒಂದು ವಾದದ ಕೊನೆಯ ಸಾಲು. ಆ ವಾದ 14ರಿಂದ ಶುರು. ಇನ್ನೂ ಹಿಂದೆ ಹೋದರೆ, ಚಿನ್ನದ ಉಂಗುರ ಹಾಕಿದವನು ಬಂದರೆ ಒಳ್ಳೆಯ ಜಾಗ, ಬಡವ ಬಂದರೆ "ಅಲ್ಲಿ ನಿಲ್ಲು" ಅನ್ನುವ ಸಭೆಯ ಮೇಲಿನ ಸಿಟ್ಟು. ಇಗರ್ಜಿಯ ಫೆಸ್ತಿನ (ಹಬ್ಬದ) ದಿನ ಮುಂದಿನ ಬೆಂಚು ಯಾರಿಗೆ ಸಿಗುತ್ತದೆ ಅಂತ ನೋಡಿದವರಿಗೆ ಆ ಸಿಟ್ಟು ಬೇಗ ಅರ್ಥವಾಗುತ್ತದೆ.

ಭಾಗ ಗೊತ್ತಾದ ಮೇಲೆ ಮೂರು ಸಲ ಓದಿ. ಒಂದು ಸಲವಾದರೂ ಗಟ್ಟಿಯಾಗಿ. ಆಗ ಪ್ರವಚನದ ವಿಡಿಯೊ ಬೇಡ, ಫೋನಿನಲ್ಲಿ ಬಂದ ಫಾರ್ವರ್ಡ್ ಬೇಡ, ಬೇರೆಯವರ ವ್ಯಾಖ್ಯಾನವೂ ಬೇಡ. ಪೆನ್ಸಿಲ್ ಇರಲಿ. ಮತ್ತೆ ಮತ್ತೆ ಬರುವ ಪದಕ್ಕೆ ಗೆರೆ ಹಾಕಿ. "ಆದ್ದರಿಂದ", "ಆದರೆ", "ಯಾಕೆಂದರೆ" ಎಲ್ಲಿ ಬರುತ್ತದೆ ಅಂತ ಗುರುತು ಮಾಡಿ, ವಾದ ತಿರುಗುವುದೇ ಅಲ್ಲಿ. ಬೈಬಲಿನ ಮೇಲೆ ಬರೆಯುವುದು ಪಾಪ ಅಂತ ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. ನಿಮಗೂ ಹಾಗೆ ಅನಿಸಿದರೆ ಆ ಭಾಗವನ್ನು ನೋಟ್‌ಬುಕ್ಕಿಗೆ ಕೈಯಲ್ಲಿ ಬರೆದುಕೊಳ್ಳಿ. ನಿಜ ಹೇಳಬೇಕಾದರೆ ಅದೇ ಒಳ್ಳೆಯದು. ಕಣ್ಣು ಹಾರಿಸಿದ್ದನ್ನು ಕೈ ಹಾರಿಸುವುದಿಲ್ಲ.

ಆಮೇಲೆ ಕೇಳಬೇಕಾದ್ದು: ಯಾರು, ಯಾರಿಗೆ, ಯಾವ ತಾಪತ್ರಯದ ನಡುವೆ ಬರೆದದ್ದು? ನಮ್ಮ ಜಗಳ ಅರ್ಧ ಇಲ್ಲೇ ಮುಗಿಯಿತು. ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯ ನೋಡಿ. ಅಂತಿಯೋಕ್ಯ ಅನ್ನುವ ಊರಲ್ಲಿ ಯೇಸುವಿನ ಶಿಷ್ಯ ಪೇತ್ರ ಯೆಹೂದ್ಯರಲ್ಲದವರ ಜೊತೆ ಊಟ ಮಾಡುತ್ತಿದ್ದ. ಯೆರೂಸಲೇಮಿನ ಕಡೆಯವರು ಬಂದ ಕೂಡಲೇ ಹಿಂದೆ ಸರಿದ. ಪೌಲ ಎಲ್ಲರೆದುರು ಅವನನ್ನು ತರಾಟೆಗೆ ತೆಗೆದುಕೊಂಡ. ಆ ಗಲಾಟೆಯ ಬೆನ್ನಿಗೇ ಬರುತ್ತದೆ "ಧರ್ಮಶಾಸ್ತ್ರದ ಕ್ರಿಯೆಗಳಿಂದ ಅಲ್ಲ, ನಂಬಿಕೆಯಿಂದ" ಅನ್ನುವ ಮಾತು. ಅಂದರೆ ಪೌಲನ ತಲೆಯಲ್ಲಿ ಇರುವ ಕ್ರಿಯೆ ಮುಖ್ಯವಾಗಿ ಸುನ್ನತಿ, ಊಟದ ಮಡಿ, ಯಾರು ಒಳಗಿನವರು ಯಾರು ಹೊರಗಿನವರು ಅಂತ ಗೆರೆ ಎಳೆಯುವ ನಿಯಮ. ಯಾಕೋಬನ ತಲೆಯಲ್ಲಿ ಇರುವುದು ಬೇರೆ. ಬಟ್ಟೆ ಇಲ್ಲದ, ಊಟ ಇಲ್ಲದ ಅಣ್ಣನಿಗೋ ತಂಗಿಗೋ "ಸಮಾಧಾನದಿಂದ ಹೋಗು, ಹೊಟ್ಟೆ ತುಂಬಾ ಉಣ್ಣು" ಅಂತ ಬಾಯಿಮಾತು ಹೇಳಿ, ಏನೂ ಕೊಡದೆ ಕಳಿಸುವ ಭಕ್ತ. ಪದ ಒಂದೇ, ವಿಷಯ ಎರಡು. ಕನ್ನಡದಲ್ಲಿ ಇನ್ನೂ ಒಂದು ತೊಡಕುಂಟು: ನಮ್ಮೂರಲ್ಲಿ "ಅವರ ಮನೆಯಲ್ಲಿ ಕ್ರಿಯೆ" ಅಂದರೆ ಯಾರೋ ತೀರಿಕೊಂಡಿದ್ದಾರೆ, ಉತ್ತರಕ್ರಿಯೆ ಉಂಟು ಅಂತ!

ಪದದ ವಿಷಯ ಬಂತಲ್ಲ, ಇಲ್ಲಿ ಕಾಸರಗೋಡಿನವರಾದ ನಮಗೆ ಬೇರೆಯವರಿಗೆ ಇಲ್ಲದ ಒಂದು ಅನುಕೂಲ ಉಂಟು. ಸಪ್ತಭಾಷೆಯ ಊರು ಅಂತ ಭಾಷಣದಲ್ಲಿ ಹೇಳಿ ಸುಮ್ಮನಾಗುವ ಬದಲು ಅದನ್ನು ಉಪಯೋಗಿಸಿ. ನಾವು ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಓದಿದ್ದು ಕನ್ನಡ. ಸೊಸೆ ರಾಜಪುರಂ ಕಡೆಯವಳು, ಅವಳ ಬೈಬಲ್ ಮಲಯಾಳ. ಒಂದು ಮೇಜಿನ ಮೇಲೆ ಎಲ್ಲವನ್ನೂ ತೆರೆದಿಟ್ಟರೆ ಒಂದು ಭಾಷೆ ಮುಚ್ಚಿದ್ದನ್ನು ಇನ್ನೊಂದು ಬಿಚ್ಚಿ ತೋರಿಸುತ್ತದೆ. ಅಕ್ಕನ ಸತ್ಯವೇದದಲ್ಲಿ, ಅಂದರೆ ಅವರ ಕನ್ನಡ ಬೈಬಲಿನಲ್ಲಿ, "ನಂಬಿಕೆ". ನಮ್ಮ ಕೆಥೋಲಿಕರ ಕನ್ನಡ ಪ್ರಾರ್ಥನೆಯಲ್ಲೂ ಸೊಸೆಯ ಮಲಯಾಳದಲ್ಲೂ "ವಿಶ್ವಾಸ". ಆದರೆ ಕನ್ನಡದ ಮಾತಿನಲ್ಲಿ ವಿಶ್ವಾಸ ಅಂದ ಕೂಡಲೇ ಪ್ರೀತಿಯೂ ಜೊತೆಗೆ ಬರುತ್ತದೆ, ಪ್ರೀತಿ ವಿಶ್ವಾಸ ಅನ್ನುತ್ತೇವಲ್ಲ. ಕೊಂಕಣಿಯಲ್ಲಿ "ಭಾವಾರ್ಥ್". ಶಾಲೆಯಲ್ಲಿ ಪದ್ಯದ ಭಾವಾರ್ಥ ಬರೆದು ಸುಸ್ತಾದವನಿಗೆ ಇದು ತಮಾಷೆಯಾಗಿ ಕಾಣಬಹುದು. ನನಗೂ ಚಿಕ್ಕವನಿದ್ದಾಗ ಹಾಗೇ ಆಗಿತ್ತು. ಗ್ರೀಕ್ ಮೂಲದ ಪದ "ಪಿಸ್ಟಿಸ್". ಒಂದು ಸಂಗತಿ ನಿಜ ಅಂತ ಒಪ್ಪುವುದು, ಒಬ್ಬರ ಮೇಲೆ ಭರವಸೆ ಇಡುವುದು, ಕೊಟ್ಟ ಮಾತಿಗೆ ನಿಷ್ಠೆಯಿಂದ ಇರುವುದು, ಮೂರೂ ಅದರಲ್ಲಿ ಉಂಟು. ಈಗ ಯಾಕೋಬ 2:19ಕ್ಕೆ ಹೋಗಿ: ದೇವರು ಒಬ್ಬನೇ ಅಂತ ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ. ಅಲ್ಲಿರುವುದು ಬರೀ ಒಪ್ಪಿಕೊಳ್ಳುವ ನಂಬಿಕೆ. ಪೌಲ ಹೇಳುವುದು ಅದಲ್ಲ, ಗಲಾತ್ಯ 5:6ರಲ್ಲಿ ಅವನೇ ಬಿಡಿಸಿ ಹೇಳುತ್ತಾನೆ, ಪ್ರೀತಿಯಿಂದ ಕೆಲಸ ಮಾಡುವ ನಂಬಿಕೆ ಅಂತ. ಅದನ್ನು ಓದಿದಾಗ ಗುರ್ಕಾರ್ ಮಾಮ ಕನ್ನಡಕ ತೆಗೆದು ಒರೆಸಿಕೊಂಡರು. ಸೋತೆ ಅಂತ ಅವರು ಹೇಳುವ ವಿಧಾನ ಅದು.

ತುಳುವಿನಲ್ಲೂ ನೋಡಬಹುದು. 19ನೇ ಶತಮಾನದಲ್ಲೇ ಬಾಸೆಲ್ ಮಿಷನ್‌ನವರು ಹೊಸ ಒಡಂಬಡಿಕೆಯನ್ನು ತುಳುವಿಗೆ ತಂದಿದ್ದರು, ಕನ್ನಡ ಲಿಪಿಯಲ್ಲಿ.

ಇನ್ನು ನಾನು ಜಾಸ್ತಿ ಖುಷಿಪಟ್ಟ ಕೆಲಸ. ಹೊಸ ಒಡಂಬಡಿಕೆಯಲ್ಲಿ ಹಳೇ ಒಡಂಬಡಿಕೆಯ ಮಾತು ಬಂದರೆ ಬಿಡಬೇಡಿ. ಅಡಿಟಿಪ್ಪಣಿ ನೋಡಿ, ಆ ಜಾಗಕ್ಕೇ ಹೋಗಿ ಓದಿ. ಪೌಲ ರೋಮಾಪುರದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲೂ, ಯಾಕೋಬ 2ನೇ ಅಧ್ಯಾಯದಲ್ಲೂ ಸಾಕ್ಷಿಗೆ ಕರೆಯುವುದು ಒಬ್ಬನನ್ನೇ, ಅಬ್ರಹಾಮನನ್ನು. ವಚನವೂ ಒಂದೇ, ಆದಿಕಾಂಡ 15:6. ಅಬ್ರಹಾಮ ದೇವರನ್ನು ನಂಬಿದ, ಅದು ಅವನ ಲೆಕ್ಕಕ್ಕೆ ನೀತಿಯೆಂದು ಎಣಿಸಲ್ಪಟ್ಟಿತು. ಒಂದೇ ಸಾಕ್ಷಿ, ಎರಡು ವಕೀಲರು! ಹಾಗಾದರೆ ವ್ಯತ್ಯಾಸ ಎಲ್ಲಿ? ನೋಟ್‌ಬುಕ್ಕಿನಲ್ಲಿ ಅಬ್ರಹಾಮನ ವಯಸ್ಸು ಬರೆದುಕೊಂಡು ಹೋಗಿ. ಮೊದಲ ಮಗ ಇಷ್ಮಾಯೇಲ ಹುಟ್ಟುವಾಗ 86, ಅದು 16ನೇ ಅಧ್ಯಾಯ. ಸುನ್ನತಿ ಆಗುವಾಗ 99, ಅದು 17. ಇಸಾಕ ಹುಟ್ಟುವಾಗ 100. ದೇವರ ಮಾತಿನಂತೆ ಇಸಾಕನನ್ನು ಬಲಿ ಕೊಡಲಿಕ್ಕೆ ಬೆಟ್ಟಕ್ಕೆ ಕರೆದುಕೊಂಡು ಹೋದದ್ದು 22ನೇ ಅಧ್ಯಾಯ, ಆಗ ಮಗ ಕಟ್ಟಿಗೆ ಹೊರುವಷ್ಟು ದೊಡ್ಡವನು. ಪೌಲ ಕೈಯಿಟ್ಟು ತೋರಿಸುವುದು 15ನೇ ಅಧ್ಯಾಯವನ್ನು: ನೋಡಿ, ಸುನ್ನತಿಗಿಂತ ಎಷ್ಟೋ ವರ್ಷ ಮೊದಲೇ ಲೆಕ್ಕಕ್ಕೆ ಜಮಾ ಆಗಿತ್ತು. ಯಾಕೋಬ ತೋರಿಸುವುದು 22ನ್ನು: ನೋಡಿ, ಆ ನಂಬಿಕೆ ಬೆಟ್ಟ ಹತ್ತಿತು, ಅಲ್ಲಿಗೆ ಆ ಮಾತು ನೆರವೇರಿತು. ಒಬ್ಬ ಬೇರು ತೋರಿಸುತ್ತಾನೆ, ಒಬ್ಬ ಗೊನೆ ತೋರಿಸುತ್ತಾನೆ. ಬುಡ ಇಲ್ಲದೆ ಗೊನೆ ಇಲ್ಲ. ಗೊನೆಯೇ ಬಿಡದ ಅಡಿಕೆ ಮರವನ್ನು ತೋಟದಲ್ಲಿ ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ?

"ನೀತಿವಂತ" ಅನ್ನುವ ಪದವನ್ನೂ ಇಲ್ಲೇ ಒಂದು ಸಲ ತಟ್ಟಿ ನೋಡಿ. ನಾವು ನೀತಿವಂತ ಅಂದರೆ ಸಂಭಾವಿತ, ಕುಡಿಯದವನು, ಸಾಲ ತೀರಿಸುವವನು ಅಂದುಕೊಳ್ಳುತ್ತೇವೆ. ಗ್ರೀಕ್ ಪದಕ್ಕೆ ಕೋರ್ಟಿನ ವಾಸನೆ ಉಂಟು, ನ್ಯಾಯಾಧೀಶ ಒಬ್ಬನ ಪರವಾಗಿ ತೀರ್ಪು ಕೊಡುವುದು.

ಇಷ್ಟೆಲ್ಲ ಆದ ಮೇಲೆ ಮಾತ್ರ ಕ್ರೈಸ್ತ ಸಭೆ ಏನು ಹೇಳಿದೆ ಅಂತ ನೋಡಿ. ಮೊದಲೇ ನೋಡಿದರೆ ವಚನದಲ್ಲಿ ಅದೇ ಕಾಣುತ್ತದೆ. ನೋಡದೇ ಬಿಟ್ಟರೂ ತಪ್ಪು. ಎರಡು ಸಾವಿರ ವರ್ಷದಿಂದ ಜನ ತಲೆಕೆಡಿಸಿಕೊಂಡಿದ್ದಾರೆ, ನಾವೇ ಮೊದಲಿಗರಲ್ಲ. ಪ್ರೊಟೆಸ್ಟಂಟ್ ಚಳುವಳಿ ಶುರು ಮಾಡಿದ ಮಾರ್ಟಿನ್ ಲೂಥರ್ 1522ರ ಜರ್ಮನ್ ಅನುವಾದದಲ್ಲಿ ರೋಮಾ 3:28ಕ್ಕೆ "ಮಾತ್ರ" ಅನ್ನುವ ಪದ ಸೇರಿಸಿದ, ನಂಬಿಕೆಯಿಂದ ಮಾತ್ರ ಅಂತ. ಗ್ರೀಕಿನಲ್ಲಿ ಅಲ್ಲಿ ಆ ಪದ ಇಲ್ಲ, ಅರ್ಥಕ್ಕೆ ಬೇಕು ಅನ್ನುವುದು ಅವನ ವಾದ. ಹೊಸ ಒಡಂಬಡಿಕೆಯಲ್ಲಿ "ನಂಬಿಕೆಯಿಂದ ಮಾತ್ರ" ಅಂತ ಎರಡೂ ಪದ ಜೊತೆಯಾಗಿ ಬರುವುದು ಯಾಕೋಬ 2:24ರಲ್ಲಿ, ಅದೂ "ಅಲ್ಲ" ಜೊತೆಗೆ. ಇದನ್ನು ಹೇಳಿ ಅಕ್ಕನನ್ನು ಗೆಲ್ಲಬಹುದು ಅಂತ ನಮ್ಮವರು ಕುಣಿದರು. ಅಕ್ಕ ಕೂಲಾಗಿ 1999ರ ಅಕ್ಟೋಬರ್ 31ರ ವಿಷಯ ಎತ್ತಿದರು. ಆ ದಿನ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕೆಥೋಲಿಕ್ ಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಇದೇ ವಿಷಯದ ಮೇಲೆ ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿದ್ದವು: ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಆಗ ಸಿಗುವ ಪವಿತ್ರಾತ್ಮ ನಮ್ಮನ್ನು ಒಳ್ಳೆಯ ಕೆಲಸಕ್ಕೆ ಕರೆಯುತ್ತಾನೆ ಅಂತ. ಎಲ್ಲ ವ್ಯತ್ಯಾಸ ಅಳಿಸಿ ಹೋಯಿತು ಅಂತ ಅಲ್ಲ. ಆದರೆ ದೊಡ್ಡವರು ಸಹಿ ಹಾಕಿ ಇಷ್ಟು ವರ್ಷವಾದ ಮೇಲೂ ನಾವು ಚಾವಡಿಯಲ್ಲಿ ಕೋಳಿ ಅಂಕ ನಡೆಸುತ್ತಿದ್ದೆವು ಅಂದರೆ ಏನು ಹೇಳುವುದು ಮಾರಾಯ್ರೇ.

ಸಣ್ಣಪುಟ್ಟ ವಿಷಯ ಸ್ವಲ್ಪ. ಇಬ್ಬರೂ ಒಂದೇ ಬೈಬಲ್ ಹಿಡಿದಿದ್ದಾರೆ ಅಂದುಕೊಳ್ಳಬೇಡಿ, ಕೆಥೋಲಿಕರದ್ದು 73 ಪುಸ್ತಕ, ಪ್ರೊಟೆಸ್ಟಂಟರದ್ದು 66. ಫೋನಿನ ಆಪ್ ಭಾಷೆ ಹೋಲಿಸಲಿಕ್ಕೆ ಒಳ್ಳೆಯದು, ಓದಲಿಕ್ಕೆ ಪುಸ್ತಕವೇ ವಾಸಿ. ಫೋನಿನಲ್ಲಿ ಒಂದು ವಚನ ಹುಡುಕಿದರೆ ಅದೊಂದೇ ಕಾಣುತ್ತದೆ, ಹಿಂದೆ ಮುಂದೆ ಇರುವುದು ಕಾಣುವುದಿಲ್ಲ, ನಮ್ಮ ರೋಗ ಶುರುವಾದದ್ದೇ ಅಲ್ಲಿಂದ. ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ, ಚಾರ್ಜೂ ಇರುವುದಿಲ್ಲ. ಒಂದು ಭಾಗಕ್ಕೆ ಒಂದು ತಿಂಗಳು ಇಟ್ಟುಕೊಳ್ಳಿ, ವಾರಕ್ಕೆ ಒಂದು ಗಂಟೆ ಸಾಕು. ಗೊತ್ತಾಗದ್ದನ್ನು ಪ್ರಶ್ನೆ ಚಿಹ್ನೆ ಹಾಕಿ ಹಾಗೇ ಬಿಡಿ. ನನ್ನ ನೋಟ್‌ಬುಕ್ಕಿನಲ್ಲಿ ಯಾಕೋಬ ಎರಡನೇ ಅಧ್ಯಾಯದ ಪಕ್ಕ ಇನ್ನೂ ಮೂರು ಪ್ರಶ್ನೆ ಉಂಟು, ಒಂದು ಅಲ್ಲಿ ಬರುವ ರಾಹಾಬ ಅನ್ನುವ ಹೆಂಗಸಿನದ್ದು. ಫಾದರ್ ಸಿಕ್ಕಿದಾಗ ಕೇಳಬೇಕು.

ಮುಂದಿನ ತಿಂಗಳಿಗೆ ಯೋಹಾನ 1:1ರಿಂದ 18. "ಆದಿಯಲ್ಲಿ ವಾಕ್ಯವಿತ್ತು." ಸೊಸೆಯ ಮಲಯಾಳದಲ್ಲಿ ಅದು "ವಚನಂ", ಗ್ರೀಕಿನಲ್ಲಿ "ಲೊಗೊಸ್". ಮೊಮ್ಮಗ ಕನ್ನಡ ಮೀಡಿಯಂನಲ್ಲಿ ಐದನೇ ಕ್ಲಾಸು, ಶಾಲೆಯಲ್ಲಿ ಈಗ ವ್ಯಾಕರಣ ನಡೆಯುತ್ತಿದೆ. ನಾನು ಗಟ್ಟಿಯಾಗಿ ಓದುವುದನ್ನು ಕೇಳಿ ಬಂದು, "ಅಜ್ಜಾ, ದೇವರು ವಾಕ್ಯ ಆದರೆ ಕರ್ತೃ ಯಾರು?" ಅಂದ. ಅಕ್ಕನ ಸಭೆಯಲ್ಲಿ ದೇವರನ್ನು ಕರ್ತ ಅಂತಲೇ ಕರೆಯುವುದು. ಅವನ ಪ್ರಶ್ನೆಯನ್ನೇ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ, ಕೆಳಗೆ ಜಾಗ ಬಿಟ್ಟು.